ಮುನಿರಾಜನ ತಿಪ್ಪೆ

ಹೊಸಕೋಟೆಯಿಂದ ನಮ್ಮೂರಿಗೆ ಬರುವ ಬಸ್ಸು ಕೆರೆ ಏರಿ ದಾಟಿ ಎಡಕ್ಕೆ ತಿರುಗಿತೆಂದರೆ ಸಾಕು, ನನ್ನ ಕೈ ತಾನೇ ತಾನಾಗಿ ಹೆಗಲ ಮೇಲಿನ ಟವಲನ್ನು ಎಳೆದು ಮೂಗಿಗೆ ಒತ್ತಿಕೊಳ್ಳುತ್ತದೆ. ನಾನು ಹೇಳುವುದೇನೂ ಇಲ್ಲ, ಕೈಯೇ ಮಾಡುತ್ತದೆ. ಮೊನ್ನೆಯೂ ಹಾಗೇ ಆಯಿತು. ಪಕ್ಕದಲ್ಲಿ ಒಬ್ಬರು ಕೂತಿದ್ದರು, ನೋಡಿದರೆ ಕಾಲೇಜು ಮೇಷ್ಟ್ರ ಹಾಗೆ, ಹೊಸ ಲೇಔಟಿನವರಿರಬೇಕು. ಒಮ್ಮೆ ನನ್ನನ್ನು ನೋಡಿದರು, ಆಮೇಲೆ ಮೆಲ್ಲಗೆ ಕತ್ತು ಬಗ್ಗಿಸಿ ತಮ್ಮ ಅಂಗಿಯನ್ನೇ ಮೂಸಿ ನೋಡಿಕೊಂಡರು. ಇಸ್ತ್ರಿಯ ಗೆರೆ ಕೂಡ ಮುರಿಯದ ಅಂಗಿ, ಪಾಪ. ನನಗೆ ನಾಚಿಕೆಯಾಗಿ ಟವಲು ತೆಗೆದೆ. ನಿಮ್ಮದಲ್ಲ ಸಾರ್, ಈ ಜಾಗದ್ದು, ಹಳೇ ಅಭ್ಯಾಸ ಎಂದೆ. ಅವರು ಕಿಟಕಿಯಾಚೆ ನೋಡಿ, ಇಲ್ಲೇನಿದೆ, ಇದು ಪಾರ್ಕಲ್ವಾ ಎಂದರು.

ಪಾರ್ಕೇ, ಅದರಲ್ಲಿ ಸಂಶಯವಿಲ್ಲ. ಗೇಟಿನ ಮೇಲೆ ಜೀವವೈವಿಧ್ಯ ಉದ್ಯಾನ ಎಂದು ಹಸಿರು ಬೋರ್ಡಿದೆ. ಒಳಗೆ ಗುಡ್ಡ, ಗುಡ್ಡದ ಸುತ್ತ ಹಾವಿನ ಹಾಗೆ ಹತ್ತುವ ಮಣ್ಣಿನ ದಾರಿ, ದಾರಿಯ ಎರಡೂ ಕಡೆ ತಂಗಡಿ, ತುಂಬೆ, ಲಾವಂಚ. ಬೆಳಿಗ್ಗೆ ಬೂಟು ಹಾಕಿಕೊಂಡವರು ಬಂದು ಕೈಬೀಸಿ ನಡೆಯುತ್ತಾರೆ. ಶಾಲೆಯ ಮಕ್ಕಳು ಬಂದು ಚಿಟ್ಟೆ ಎಣಿಸುತ್ತಾರೆ. ಇದೆಲ್ಲ ನನ್ನ ಕಣ್ಣಿಗೆ ಗೊತ್ತು, ಮೂಗಿಗೆ ಮಾತ್ರ ಇನ್ನೂ ಗೊತ್ತಾಗಿಲ್ಲ. ಅದು ಬೋರ್ಡು ಓದುವುದಿಲ್ಲವಲ್ಲ.

ಆ ನಾತದ ಕಾಲವನ್ನು ನಿಮಗೆ ಹೇಗೆ ಹೇಳಲಿ? ಕಂಡಕ್ಟರು ನಮ್ಮೂರಿನ ಸ್ಟಾಪನ್ನು ಕೂಗುತ್ತಲೇ ಇರಲಿಲ್ಲ. ಗೊರಕೆ ಹೊಡೆಯುತ್ತಿದ್ದವರೂ ತಿರುವಿನಲ್ಲಿ ತಾವೇ ಎದ್ದು ಚೀಲ ಹುಡುಕಿಕೊಳ್ಳುತ್ತಿದ್ದರು. ಊರಿಗೆ ನೆಂಟರು ಬರುವುದು ಕಡಿಮೆಯಾಯಿತು. ಬಂದವರು ಊಟಕ್ಕೆ ನಿಲ್ಲುತ್ತಿರಲಿಲ್ಲ. ಉಪ್ಪಿಟ್ಟಿನ ತಟ್ಟೆಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ನೊಣ ಓಡಿಸುತ್ತ ತಿನ್ನುವ ವಿದ್ಯೆ ನಮ್ಮೂರಿನ ಮಕ್ಕಳಿಗೆಲ್ಲ ಬರುತ್ತಿತ್ತು, ಹೊರಗಿನವರಿಗೆ ಬರುತ್ತಿರಲಿಲ್ಲ.

ದೊಡ್ಡ ಕಷ್ಟವೆಂದರೆ ಹೆಣ್ಣು ನೋಡಲು ಬರುವವರದು. ಗುಡ್ಡ ಊರಿಗೆ ಮೂಡಣ ದಿಕ್ಕಿನಲ್ಲಿದೆ. ಪಡುವಣ ಗಾಳಿ ಬೀಸಿದರೆ ನಾತ ಆಚೆ ಹೋಗುತ್ತದೆ, ಊರು ಊರಿನಂತೆ ಇರುತ್ತದೆ. ಆದರೆ ಪಡುವಣ ಗಾಳಿ ಜೋರಾಗಿ ಬೀಸುವುದು ಆಷಾಢದಲ್ಲಿ, ಆಷಾಢದಲ್ಲಿ ಯಾರು ಹೆಣ್ಣು ನೋಡಲು ಬರುತ್ತಾರೆ ಹೇಳಿ. ನನ್ನ ತಂಗಿಯನ್ನು ನೋಡಲು ಬಂದ ದಿನ ಗಾಳಿ ಸರಿಯಾಗಿ ನಮ್ಮ ಮನೆಯ ಕಡೆಗೇ ತಿರುಗಿತು. ನನ್ನ ಹೆಂಡತಿ ಹೆದರಿ ಎರಡು ಪೊಟ್ಟಣ ಸಾಂಬ್ರಾಣಿಯನ್ನು ಒಟ್ಟಿಗೆ ಕೆಂಡಕ್ಕೆ ಸುರಿದಳು. ಗಂಡಿನ ಕಡೆಯವರು ಕೆಮ್ಮುತ್ತ ಕೆಮ್ಮುತ್ತ ಒಳಗೆ ಬಂದರು, ಹೊಗೆಯಲ್ಲಿ ಹೆಣ್ಣು ಸರಿಯಾಗಿ ಕಂಡಿತೋ ಇಲ್ಲವೋ ಗೊತ್ತಿಲ್ಲ. ಗಂಡಿನ ತಾಯಿ ಮಾತ್ರ, ಎಷ್ಟು ದೇವರು ದಿಂಡರು ಇರೋ ಮನೆ ಎಂದು ಮೆಚ್ಚಿಕೊಂಡು ಅಲ್ಲೇ ಒಪ್ಪಿಗೆ ಕೊಟ್ಟರು. ತಂಗಿ ಇವತ್ತಿಗೂ ಆ ಮನೆಯಲ್ಲಿ ದಿನಾ ಸಾಂಬ್ರಾಣಿ ಹಾಕಬೇಕಾಗಿದೆ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಬೋರ್ಡಿನಲ್ಲಿ ಏನೇ ಬರೆದಿರಲಿ, ಊರಿನವರು ಆ ಗುಡ್ಡವನ್ನು ಕರೆಯುವುದು ಮುನಿರಾಜನ ತಿಪ್ಪೆ ಎಂದು. ಆ ಮುನಿರಾಜ ನಾನೇ. ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ಸ್ಟೋರ್ ನೋಡಿಕೊಂಡು ರಿಟೈರಾದ ಸಾಮಾನ್ಯ ಮನುಷ್ಯ. ಒಂದು ಗುಡ್ಡಕ್ಕೆ ಹೆಸರು ಕೊಡುವಂಥ ಕೆಲಸ ನಾನು ಏನು ಮಾಡಿದೆ ಎಂದು ನೀವು ಕೇಳುವ ಮೊದಲು ನನ್ನ ದೊಡ್ಡಮ್ಮನ ವಿಷಯ ಹೇಳಬೇಕು, ಯಾಕೆಂದರೆ ಹೆಸರಿಟ್ಟವಳು ಅವಳು.

ದೊಡ್ಡಮ್ಮ ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ, ಪಿಳ್ಳಮ್ಮ. ನಮ್ಮ ಕಡೆಯ ವಿಜಯಪುರದಲ್ಲಿ ರೇಷ್ಮೆ ನೂಲು ತೆಗೆಯುವ ಮನೆಯ ಹೆಣ್ಣುಮಗಳು. ಹತ್ತು ವರ್ಷದವಳಿದ್ದಾಗಿನಿಂದ ಕುದಿಯುವ ನೀರಿನಲ್ಲಿ ಕೈಯಾಡಿಸಿ ಗೂಡಿನ ಎಳೆ ಹಿಡಿದವಳು. ಹಾಗಾಗಿ ಅವಳ ಕೈಗೆ ಬಿಸಿ ಎಂಬುದು ತಾಕುತ್ತಿರಲಿಲ್ಲ. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುತ್ತಿದ್ದಳು. ಅದೇ ಕೈಯಲ್ಲಿ ನನಗೆ ಏಟೂ ಬೀಳುತ್ತಿತ್ತು, ನಮ್ಮಮ್ಮ ಹೊಡೆದದ್ದಕ್ಕಿಂತ ಹೆಚ್ಚು. ಹೊಡೆದ ಮೇಲೆ ಬೆಲ್ಲ ಕೊಡುವುದೂ ಅವಳೇ, ಆದ್ದರಿಂದ ನಾನು ಹೆಚ್ಚು ಹೊತ್ತು ಇರುತ್ತಿದ್ದದ್ದು ಅವಳ ಮನೆಯಲ್ಲಿ.

ದೊಡ್ಡಮ್ಮನ ತಿಪ್ಪೆ ಊರಿಗೇ ಹೆಸರಾಗಿತ್ತು. ತಿಪ್ಪೆ ಎಂದರೆ ಬರೀ ಕಸ ಎಂದುಕೊಂಡವರು ಇಲ್ಲಿ ಸ್ವಲ್ಪ ನಿಲ್ಲಿ. ಒಂದೊಂದು ಮನೆಗೂ ಒಂದೊಂದು ತಿಪ್ಪೆ, ಅದು ಹಿತ್ತಿಲ ಆಸ್ತಿ. ಕೊಟ್ಟಿಗೆಯ ಸಗಣಿ, ಒಲೆಯ ಬೂದಿ, ದನ ತಿಂದು ಬಿಟ್ಟ ಹುಲ್ಲು, ರಾಗಿ ಹೊಟ್ಟು, ಮನೆ ಗುಡಿಸಿದ ಕಸ, ಎಲ್ಲವೂ ಮಂಕರಿಯಲ್ಲಿ ಅಲ್ಲಿಗೆ ಹೋಗುತ್ತಿತ್ತು. ಅಲ್ಲಿ ಕುಂಬಳದ ಬಳ್ಳಿ ತಾನೇ ಹುಟ್ಟಿ, ಯಾರೂ ನೀರು ಹಾಕದೆ, ಮನೆಯವರಿಗೆಲ್ಲ ಸಾಕಾಗುವಷ್ಟು ಕಾಯಿ ಬಿಡುತ್ತಿತ್ತು. ಕೋಳಿಗಳು ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಕೆದರುತ್ತಿದ್ದವು. ನಾವು ಮಕ್ಕಳೂ ಸುಮಾರು ಅಷ್ಟೇ ಹೊತ್ತು ಅಲ್ಲೇ ಇರುತ್ತಿದ್ದೆವು. ವರ್ಷ ಕಳೆಯುವ ಹೊತ್ತಿಗೆ ಹಾಕಿದ ಯಾವ ವಸ್ತುವಿನ ಗುರುತೂ ಸಿಗದೆ ಎಲ್ಲ ಕಪ್ಪು ಪುಡಿಯಾಗಿ, ಬೇಸಿಗೆಯಲ್ಲಿ ಗಾಡಿ ತುಂಬಿಕೊಂಡು ಹೊಲಕ್ಕೆ ಹೋಗುತ್ತಿತ್ತು.

ಯಾವ ತಿಪ್ಪೆ ಆಗಿದೆ, ಯಾವುದು ಇನ್ನೂ ಆಗಿಲ್ಲ ಎಂದು ಹೇಳುವುದಕ್ಕೆ ಊರಿನವರು ದೊಡ್ಡಮ್ಮನನ್ನು ಕರೆಯುತ್ತಿದ್ದರು. ಅವಳು ಸೆರಗು ಸಿಕ್ಕಿಸಿ, ಬಳೆ ಮೇಲಕ್ಕೆ ತಳ್ಳಿ, ಮೊಣಕೈವರೆಗೆ ಕೈ ತೂರಿಸಿ ಸುಮ್ಮನೆ ನಿಲ್ಲುತ್ತಿದ್ದಳು. ಒಳಗೆ ಬಿಸಿಯಿದ್ದರೆ ಇನ್ನೂ ಹಸಿ, ಮುಟ್ಟಬೇಡಿ. ತಣ್ಣಗಿದ್ದರೆ ಆಗಿದೆ, ಗಾಡಿ ಕಟ್ಟಿ. ಆಮೇಲೆ ಒಂದು ಹಿಡಿ ತೆಗೆದು ನಮ್ಮ ಮೂಗಿಗೆ ಹಿಡಿಯುತ್ತಿದ್ದಳು. ಆದ ಗೊಬ್ಬರಕ್ಕೆ ಮೊದಲ ಮಳೆ ಬಿದ್ದ ಹೊಲದ ವಾಸನೆ. ನನ್ನ ಮೂಗು ಕಲಿತ ಮೊದಲ ಪಾಠ ಅದು, ಆಮೇಲೆ ಅದು ಪಟ್ಟ ಪಾಡನ್ನು ನೆನೆದರೆ ಅದರ ಮೇಲೆ ನನಗೆ ಕರುಣೆ ಬರುತ್ತದೆ.

ದೀಪಾವಳಿಯಲ್ಲಿ ಬಲಿಪಾಡ್ಯಮಿಯ ಸಂಜೆ ತಿಪ್ಪೆಗೂ ದೀಪ ಇಡುವುದು ನಮ್ಮ ಕಡೆಯ ಪದ್ಧತಿ. ಹೊಸಿಲಿಗೆ, ಕೊಟ್ಟಿಗೆಗೆ ಇಟ್ಟ ಹಾಗೆಯೇ. ಸಗಣಿಯ ಉಂಡೆಗೆ ಗರಿಕೆ, ಚೆಂಡುಹೂ ಸಿಕ್ಕಿಸಿ ತಿಪ್ಪೆಯ ನೆತ್ತಿಯ ಮೇಲಿಟ್ಟು, ಪಕ್ಕದಲ್ಲಿ ಹಣತೆ ಹಚ್ಚಿ, ಒಂದು ಕಜ್ಜಾಯ ಇಟ್ಟು ಕೈಮುಗಿಯಬೇಕು. ವರ್ಷವಿಡೀ ನಾವು ಎಸೆದದ್ದನ್ನೆಲ್ಲ ತಿಂದು ಅನ್ನಕ್ಕೆ ದಾರಿ ಮಾಡುವವಳು ಅವಳು ಎಂದು ದೊಡ್ಡಮ್ಮ ಹೇಳುತ್ತಿದ್ದಳು. ಅವಳು ಬೆನ್ನು ತಿರುಗಿಸಿದ ಕೂಡಲೇ ನಾನು ಆ ಕಜ್ಜಾಯ ಎತ್ತಿಕೊಂಡು ಓಡುತ್ತಿದ್ದೆ. ತಿಪ್ಪಮ್ಮನ ಪಾಲನ್ನು ಅಷ್ಟು ವರ್ಷ ತಿಂದ ಪಾಪವೇ ನನ್ನನ್ನು ಆಮೇಲೆ ಹಿಡಿದುಕೊಂಡಿತೋ ಏನೋ.

ಈಗ ಆ ಕಾಗದದ ವಿಷಯ. ನಮ್ಮೂರ ಗೋಮಾಳದ ಅಂಚಿಗೆ ಒಂದು ಹಳೇ ಕಲ್ಲು ಕ್ವಾರಿ ಇತ್ತು, ಕಲ್ಲು ಮುಗಿದು ಬರೀ ಹಳ್ಳವಾಗಿ ಬಿದ್ದಿತ್ತು. ಒಂದು ದಿನ ಯಾವುದೋ ಕಚೇರಿಯಿಂದ ಪಂಚಾಯ್ತಿಗೆ ನಾಲ್ಕು ಪುಟದ ಕಾಗದ ಬಂತು. ಅರಳಿಕಟ್ಟೆಯ ಹತ್ತಿರ ಊರವರೆಲ್ಲ ಸೇರಿದರು. ಕಾರ್ಖಾನೆಗೆ ಹೋಗುವವನು, ದಿನಾ ಪೇಪರ್ ಓದುವವನು ಎಂದು ಕಾಗದವನ್ನು ನನ್ನ ಕೈಗೆ ಕೊಟ್ಟರು. ನಾನು ಕನ್ನಡಕ ಒರೆಸಿಕೊಂಡೆ. ಆಗ ನನಗೆ ಕನ್ನಡಕದ ಅಗತ್ಯವಿರಲಿಲ್ಲ, ಗೌರವಕ್ಕೆ ಹಾಕಿಕೊಳ್ಳುತ್ತಿದ್ದೆ. ಮೊದಲ ಮೂರು ಪುಟ ಘನ, ದ್ರವ, ವಿಲೇವಾರಿ, ಅನುಬಂಧ ಎಂದು ಏನೇನೋ ಇತ್ತು. ಒಂದು ವಾಕ್ಯ ಶುರುವಾದರೆ ಪುಟದ ಕೊನೆಯಲ್ಲಿ ಮುಗಿಯುತ್ತಿತ್ತು. ಅರ್ಥವಾಗಲಿಲ್ಲ ಎಂದು ಹೇಳುವುದಕ್ಕೆ ಅಷ್ಟು ಜನರ ಮುಂದೆ ಬಾಯಿ ಬರಲಿಲ್ಲ. ನಾಲ್ಕನೇ ಪುಟದ ಕೊನೆಯಲ್ಲಿ ಗೊಬ್ಬರ ತಯಾರಿಕೆ ಎಂಬ ಎರಡು ಮಾತು ಕಂಡಿತು. ಅದನ್ನು ಗಟ್ಟಿಯಾಗಿ ಓದಿ, ಸಿಟಿಯ ಕಸವನ್ನೆಲ್ಲ ಇಲ್ಲಿ ತಂದು ಗೊಬ್ಬರ ಮಾಡ್ತಾರಂತೆ ಎಂದು ಕಾಗದ ಮಡಿಸಿಬಿಟ್ಟೆ.

ಊರಿನವರಿಗೆ ಆದ ಸಂತೋಷ ನೋಡಬೇಕಿತ್ತು. ನಾವು ಬೇಸಾಯದವರು, ಕಸ ಎಂದರೆ ನಮ್ಮ ತಲೆಯಲ್ಲಿ ಬರುವುದು ತಿಪ್ಪೆ, ತಿಪ್ಪೆ ಎಂದರೆ ರಾಗಿ. ಅಷ್ಟು ದೊಡ್ಡ ಸಿಟಿಯ ತಿಪ್ಪೆ ನಮ್ಮ ಹೊಲದ ಪಕ್ಕಕ್ಕೇ ಬರುತ್ತದೆ ಎಂದರೆ ಯಾರು ಬೇಡ ಅಂದಾರು? ಮೊದಲ ಲಾರಿ ಬಂದ ದಿನ ಹೆಂಗಸರು ರಸ್ತೆಗೆ ನೀರು ಚಿಮುಕಿಸಿದರು. ದೊಡ್ಡಮ್ಮ ಎಲ್ಲರಿಗಿಂತ ಮುಂದೆ ನಿಂತು, ಲಾರಿಯ ಮೂತಿಗೆ ಅರಿಸಿನ ಕುಂಕುಮ ಹಚ್ಚಿ, ಆರತಿ ಎತ್ತಿ ಒಳಕ್ಕೆ ಬಿಟ್ಟುಕೊಂಡಳು. ಡ್ರೈವರು ಗಾಬರಿಯಾಗಿ ಸ್ಟೇರಿಂಗಿನ ಹಿಂದೆ ಕೈಮುಗಿದು ಕೂತಿದ್ದ. ಅವನು ಎಲ್ಲೆಲ್ಲೋ ಕಸ ಸುರಿದಿದ್ದಾನೆ, ಆರತಿ ಎತ್ತಿಸಿಕೊಂಡಿದ್ದು ನಮ್ಮೂರಿನಲ್ಲಿ ಮಾತ್ರ ಇರಬೇಕು.

ಮೊದಲ ವರ್ಷ ದೊಡ್ಡಮ್ಮ ಆ ರಾಶಿಯಿಂದ ನಾಲ್ಕು ಗಾಡಿ ಹೊಡೆಸಿ ಹೊಲಕ್ಕೆ ಹಾಕಿಸಿದಳು. ರಾಗಿ ಎದೆಯುದ್ದ ಬಂತು. ನಮ್ಮ ಮುನಿರಾಜ ಓದಿ ಹೇಳಿದ್ದು ಎಂದು ಕಂಡಕಂಡವರಿಗೆಲ್ಲ ನನ್ನನ್ನು ಹೊಗಳಿದಳು. ಎರಡನೇ ವರ್ಷ ನೇಗಿಲಿಗೆ ಮಣ್ಣಿಗಿಂತ ಹೆಚ್ಚು ಪ್ಲಾಸ್ಟಿಕ್ ಕವರು ಸಿಕ್ಕಿಕೊಂಡಿತು. ಕಳೆ ಕೀಳಲು ಕೂತ ಹೆಂಗಸರ ಬೆರಳಿಗೆ ಗಾಜು ಚುಚ್ಚಿತು. ಅಷ್ಟರಲ್ಲಿ ಕ್ವಾರಿ ತುಂಬಿ, ತುಂಬಿದ್ದರ ಮೇಲೆ ರಾಶಿ ಎದ್ದು, ಗುಡ್ಡವಾಗತೊಡಗಿತ್ತು, ಗೊಬ್ಬರ ಮಾಡುವವರು ಮಾತ್ರ ಯಾರೂ ಬರಲಿಲ್ಲ. ನಲ್ಲಿಯ ಹತ್ತಿರ ಯಾರಾದರೂ ನಾತ ಎಂದು ಮೂಗು ಮುಚ್ಚಿಕೊಂಡರೆ ದೊಡ್ಡಮ್ಮ, ಅದು ಮುನಿರಾಜನ ತಿಪ್ಪೆದು, ಇನ್ನೂ ಆಗಿಲ್ಲ ಎಂದು ನಗುತ್ತಿದ್ದಳು. ಹೆಸರು ಹಾಗೆ ಬಂತು. ಅವಳ ನಗುವಿದ್ದಷ್ಟು ದಿನ ನನಗೂ ಅದು ತಮಾಷೆಯಾಗಿಯೇ ಇತ್ತು.

ಆಮೇಲೆ ಕೆಂಚ ಸತ್ತಿತು. ಕೆಂಚ ದೊಡ್ಡಮ್ಮನ ಎತ್ತು, ಅವಳೇ ಕರುವಿನಿಂದ ಸಾಕಿದ್ದು, ಅವಳ ಸೆರಗು ಚೀಪುತ್ತಲೇ ಬೆಳೆದದ್ದು. ಗೋಮಾಳದಲ್ಲಿ ಮೇಯಲು ಬಿಟ್ಟರೆ ಕಸದ ರಾಶಿಯ ಕಡೆಗೆ ಹೋಗುತ್ತಿತ್ತು. ಹೊಟ್ಟೆ ಊದಿಕೊಂಡು ಮೂರು ದಿನ ಮಲಗಿತು, ನಾಲ್ಕನೇ ದಿನ ಏಳಲಿಲ್ಲ. ದನದ ಡಾಕ್ಟರು ಹೊಟ್ಟೆ ಕುಯ್ದು ತೋರಿಸಿದರು. ಒಂದು ಹಾಸಿಗೆಯಷ್ಟು ಪ್ಲಾಸ್ಟಿಕ್ಕು, ಬಣ್ಣ ಕೂಡ ಮಾಸಿರಲಿಲ್ಲ. ದೊಡ್ಡಮ್ಮ ನೆಲದ ಮೇಲೆ ಕೂತು ಅದನ್ನೇ ನೋಡುತ್ತಿದ್ದಳು. ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ, ಚಿಕ್ಕಂದಿನಲ್ಲಿ ಹೊಡೆದ ಹಾಗೆ ನಾಲ್ಕು ಹೊಡೆದಿದ್ದರೆ, ಅಲ್ಲಿಗೆ ಮುಗಿಯುತ್ತಿತ್ತು. ಅವತ್ತಿನಿಂದ ಅವಳು ಆ ಹೆಸರು ಹೇಳುವುದನ್ನೂ ಬಿಟ್ಟಳು, ಆ ದಿಕ್ಕಿಗೆ ಕಾಲಿಡುವುದನ್ನೂ ಬಿಟ್ಟಳು. ಹೊಲಕ್ಕೆ ಹೋಗಬೇಕಾದರೆ ಕೆರೆಯ ಆಚೆಯಿಂದ ಸುತ್ತಿಕೊಂಡು ಹೋಗುತ್ತಿದ್ದಳು. ನನ್ನನ್ನು ಕಂಡರೆ ಮೊದಲಿನಂತೆಯೇ ಮಾತಾಡಿಸುವಳು, ಹಬ್ಬಕ್ಕೆ ಕಜ್ಜಾಯ ಕಳಿಸುವಳು. ಆದರೆ ಅವಳು ಬಳಸು ದಾರಿಯಲ್ಲಿ ಹೋಗುವುದನ್ನು ಕಂಡಾಗಲೆಲ್ಲ ನಾನು ಕಾಣದಂತೆ ಬಾಗಿಲ ಹಿಂದಕ್ಕೆ ಸರಿಯುತ್ತಿದ್ದೆ.

ಊರವರು ರಸ್ತೆಗೆ ಅಡ್ಡ ಕೂತು, ಲಾರಿಗಳು ನಿಂತು, ಕೊನೆಗೆ ಗುಡ್ಡ ಮುಚ್ಚಿದ್ದು ದೊಡ್ಡ ಕಥೆ. ಅದನ್ನು ಹೇಳಲು ನಮ್ಮೂರಿನಲ್ಲಿ ಬೇರೆ ಭಾಷಣಕಾರರಿದ್ದಾರೆ. ನನಗೆ ನೆನಪಿರುವುದು ಸುಷ್ಮಾ ಮೇಡಂ ಬಂದ ದಿನ. ಗುಡ್ಡವನ್ನು ಪಾರ್ಕು ಮಾಡುವ ಕೆಲಸ ನೋಡಿಕೊಳ್ಳಲು ಬಂದ ಹುಡುಗಿ, ನನ್ನ ಮಗಳಿಗಿಂತ ಚಿಕ್ಕವಳು, ತಲೆಗೆ ದೊಡ್ಡ ಟೋಪಿ. ಕಸವನ್ನು ಸಮ ಮಾಡಿ, ಮೇಲೆ ಜೇಡಿಮಣ್ಣು ಬಿಗಿಸಿ, ಅದರ ಮೇಲೆ ದಪ್ಪ ಹಾಳೆ ಹೊದಿಸಿ, ಮತ್ತೆ ಮಣ್ಣು ಹಾಕಿಸಿದಳು. ಒಳಗೆ ಕೊಳೆಯುವಾಗ ಹುಟ್ಟುವ ಗ್ಯಾಸು ಹೊರಗೆ ಹೋಗಲು ಅಲ್ಲಲ್ಲಿ ಕೊಳವೆ ನಿಲ್ಲಿಸಿದಳು. ಬುಡದಿಂದ ಒಸರುವ ಕಪ್ಪು ನೀರನ್ನು ಜೊಂಡು ಬೆಳೆದ ಹೊಂಡಕ್ಕೆ ತಿರುಗಿಸಿದಳು. ಆಗತಾನೇ ರಿಟೈರಾಗಿದ್ದ ನಾನು, ಗಿಡ ನೆಡಲು ಊರಿನವರು ಬೇಕು ಎಂದಾಗ ಮೊದಲು ಕೈ ಎತ್ತಿದೆ. ಪ್ರಾಯಶ್ಚಿತ್ತ ಎಂದುಕೊಂಡಿದ್ದೆ, ಮನೆಯಲ್ಲಿ ಹೆಂಡತಿಗೆ ಹೇಳಿದ್ದು ಮಾತ್ರ ಡಾಕ್ಟರು ನಡೀಬೇಕು ಅಂದಿದ್ದಾರೆ ಎಂದು.

ನನ್ನ ಮೊದಲ ದಿನದ ಸೇವೆಯನ್ನೂ ಕೇಳಿ. ಮೇಡಂ ಕೈಗೆ ತಂಗಡಿ ಸಸಿ ಕೊಟ್ಟು ಗೇಣುದ್ದ ಗುಂಡಿ ಸಾಕು ಎಂದು ಹೇಳಿ ಹೋದಳು. ನನಗೆ ನಗು ಬಂತು. ಗೇಣು ಗುಂಡಿಯಲ್ಲಿ ಗಿಡ ನೆಡುತ್ತಾರೆಯೇ? ಗುಂಡಿ ಎಂದರೆ ಮೂರಡಿ, ಅದು ನಮ್ಮಪ್ಪನ ಲೆಕ್ಕ. ಅಲ್ಲದೆ ತಂಗಡಿ ನೆಟ್ಟು ಏನು ಬಂತು, ಒಂದು ಹಲಸು ಇರಲಿ ಎಂದು ಮನೆಯಿಂದ ಹಲಸಿನ ಸಸಿಯನ್ನು ಟವಲಿನಲ್ಲಿ ಮುಚ್ಚಿ ತಂದಿದ್ದೆ. ಗುದ್ದಲಿ ಹಿಡಿದು ಹುಮ್ಮಸ್ಸಿನಲ್ಲಿ ಅಗೆದೆ. ಎರಡಡಿಗೆ ಏನೋ ಕರಕ್ಕೆಂದು ಹರಿಯಿತು. ಹರಿದದ್ದು ಆ ದಪ್ಪ ಹಾಳೆ. ಇನ್ನೆರಡು ಏಟಿಗೆ ಜೇಡಿಯೂ ಒಡೆದು, ನನ್ನ ಮೂಗಿಗೆ ಹಳೇ ಗುರುತಿನ ನಾತ ರಪ್ಪೆಂದು ಬಡಿಯಿತು. ಅದರ ಹಿಂದೆ ಒಂದು ಹವಾಯಿ ಚಪ್ಪಲಿ, ಹಲ್ಲುಪೇಸ್ಟಿನ ಟ್ಯೂಬು, ಹೊಸದರಂತೆ ಹೊಳೆಯುವ ಶಾಂಪೂ ಪೊಟ್ಟಣ. ಹಾಕಿದವರು ಎಲ್ಲಿದ್ದಾರೋ, ಹಾಕಿದ್ದು ಮಾತ್ರ ಹಾಗೇ ಇತ್ತು.

ಮೇಡಂ ಓಡಿಬಂದಳು. ಬೈಯಲಿಲ್ಲ, ಟೋಪಿ ತೆಗೆದು ಗುಂಡಿಯ ಪಕ್ಕ ಕೂತುಬಿಟ್ಟಳು. ಆಳಕ್ಕೆ ಬೇರು ಬಿಡುವ ಮರಗಳು ಇಲ್ಲಿ ಬೇಡ, ಬೇರು ಹಾಳೆಯನ್ನು ಸೀಳುತ್ತದೆ, ಮಳೆ ನೀರು ಒಳಗಿಳಿಯುತ್ತದೆ, ಅದಕ್ಕೇ ಹುಲ್ಲು, ಪೊದೆ ಎಂದು ಮಕ್ಕಳಿಗೆ ಹೇಳುವಂತೆ ಹೇಳಿದಳು. ಆ ತೂತು ಮುಚ್ಚಲು ಎರಡು ದಿನ ಹಿಡಿಯಿತು. ಅವತ್ತಿನಿಂದ ನನ್ನ ಕೈಗೆ ಗುದ್ದಲಿ ಕೊಡುವುದಿಲ್ಲ, ನೀರಿನ ಪೈಪು ಕೊಡುತ್ತಾರೆ. ಹಲಸಿನ ಸಸಿ ನಮ್ಮ ಹಿತ್ತಿಲಿನಲ್ಲಿ ಚೆನ್ನಾಗಿದೆ.

ಹೀಗೆ ಹಿಡಿಹಿಡಿ ಹುಲ್ಲು ಹಿಡಿಸಿ ಗುಡ್ಡ ಹಸಿರಾಯಿತು. ಗೌಜಲಹಕ್ಕಿ ಬಂತು, ಕೆಂಬೂತ ಬಂತು. ಊರಿನವರೆಲ್ಲ ಒಬ್ಬೊಬ್ಬರಾಗಿ ಬಂದು ನೋಡಿಕೊಂಡು ಹೋದರು. ಬರದೆ ಉಳಿದವಳು ದೊಡ್ಡಮ್ಮ. ಎಷ್ಟು ಸಲ ಕರೆದರೂ ಮಂಡಿನೋವು ಕಣೋ ಎನ್ನುವಳು. ಅದೇ ಮಂಡಿಯಲ್ಲಿ ಅವಳು ದಿನಸಿ ಅಂಗಡಿಗೆ ದಿನಕ್ಕೆರಡು ಸಲ ಹೋಗಿ ಬರುವುದನ್ನು ನಾನು ನೋಡಿದ್ದೇನೆ. ಬೂಟಿನವರು ಎಷ್ಟೇ ಹೊಗಳಲಿ, ಚಿಟ್ಟೆ ಎಷ್ಟೇ ಬರಲಿ, ದೊಡ್ಡಮ್ಮ ಅಲ್ಲಿ ಕಾಲಿಡುವವರೆಗೆ ನನ್ನ ಪಾಲಿಗೆ ಅದು ಪಾರ್ಕಾಗಿರಲಿಲ್ಲ. ಅವಳಿಗೆ ಎಂಬತ್ತು ದಾಟಿದೆ. ಕಾಲಿಡದೆಯೇ ಹೋಗಿಬಿಟ್ಟರೆ ಎಂಬ ಭಯ ನನಗೆ ನೀರು ಹಾಕುವಾಗಲೆಲ್ಲ ಬರುತ್ತಿತ್ತು.

ಈ ಸಲದ ಬಲಿಪಾಡ್ಯಮಿಯ ದಿನ ಮಧ್ಯಾಹ್ನ ನಾನು ಜಗಲಿಯಲ್ಲಿ ಕೂತು ಕಜ್ಜಾಯ ತಿನ್ನುತ್ತಿದ್ದೆ. ದೊಡ್ಡಮ್ಮ ತಟ್ಟೆ ಹಿಡಿದುಕೊಂಡು ಬಂದಳು. ತಟ್ಟೆಯಲ್ಲಿ ಸಗಣಿ ಉಂಡೆ, ಗರಿಕೆ, ಚೆಂಡುಹೂ, ಹಣತೆ, ಒಂದು ಕಜ್ಜಾಯ, ಸಣ್ಣ ಸೀಸೆಯಲ್ಲಿ ಎಣ್ಣೆ. ಅವಳ ಮಗ ಈ ವರ್ಷ ಕೊನೆಯ ಹಸುವನ್ನೂ ಮಾರಿ, ಹಿತ್ತಿಲಿಗೆ ಸಿಮೆಂಟು ಹಾಕಿಸಿ ಬಾಡಿಗೆ ರೂಮು ಕಟ್ಟಿಸಿದ್ದಾನೆ. ತಿಪ್ಪೆ ಇದ್ದ ಜಾಗದಲ್ಲಿ ಈಗ ಬೈಕು ನಿಲ್ಲುತ್ತದೆ. ದೊಡ್ಡಮ್ಮ ಬೆಳಿಗ್ಗೆಯಿಂದ ಊರೆಲ್ಲ ತಿರುಗಿ ಬಂದಿದ್ದಳು. ಯಾರ ಮನೆಯಲ್ಲೂ ತಿಪ್ಪೆ ಉಳಿದಿಲ್ಲ, ಸಗಣಿ ಉಂಡೆಯನ್ನೇ ಪಕ್ಕದೂರಿನಿಂದ ತರಿಸಿದ್ದಾಳೆ. ನಾನು ಎದ್ದು ನಿಂತೆ. ಅವಳು ನನ್ನ ಮುಖ ನೋಡದೆ ಗೋಡೆಯ ಕಡೆ ನೋಡುತ್ತ ಹೇಳಿದಳು.

“ಊರಲ್ಲಿ ಉಳ್ಕೊಂಡಿರೋದು ನಿನ್ ತಿಪ್ಪೆ ಒಂದೇ ಕಣೋ. ನಡಿ, ಬರ್ತೀನಿ.”

ಎಷ್ಟೋ ವರ್ಷ ಕಾದಿದ್ದ ಮಾತು ಅದು, ಕೇಳಿದ ಕೂಡಲೇ ಒಂದು ಕಾಲಿನ ಚಪ್ಪಲಿಯನ್ನು ಇನ್ನೊಂದಕ್ಕೆ ಹಾಕಿಕೊಂಡೆ. ಸಂತೋಷಕ್ಕೆ ಅರ್ಧ, ಹೆದರಿಕೆಗೆ ಅರ್ಧ. ಯಾಕೆಂದರೆ ಆ ಗುಡ್ಡದ ಮೇಲೆ ಕಡ್ಡಿ ಗೀರುವ ಹಾಗಿಲ್ಲ. ಕೊಳವೆಯಲ್ಲಿ ಬರುವ ಗ್ಯಾಸು ಬೆಂಕಿ ಹತ್ತುವಂಥದ್ದು. ಗೇಟಿನಲ್ಲಿ ಬೀಡಿಯನ್ನೂ ಕಿತ್ತುಕೊಳ್ಳುತ್ತಾರೆ, ಕಿತ್ತುಕೊಳ್ಳುವ ಕೆಲಸವನ್ನು ಎಷ್ಟೋ ಸಲ ನಾನೇ ಮಾಡಿದ್ದೇನೆ. ದೀಪ ಇಡಬಾರದು ಎಂದರೆ ಅವಳು ಅಲ್ಲಿಂದಲೇ ತಿರುಗಿ ಹೋಗುತ್ತಾಳೆ, ಮತ್ತೆ ಬರುವುದಿಲ್ಲ. ಹಾಗಾಗಿ ನಾನು ಏನೂ ಹೇಳಲಿಲ್ಲ. ಅರಳಿಕಟ್ಟೆಯಲ್ಲಿ ಮಾಡಿದ್ದನ್ನೇ ಮತ್ತೆ ಮಾಡುತ್ತಿದ್ದೇನೆ, ಪೂರ್ತಿ ಓದಿ ಹೇಳುತ್ತಿಲ್ಲ ಎಂದು ಗೊತ್ತಾಗುತ್ತಿತ್ತು. ದಾರಿಯಲ್ಲಿ ಅಂಗಡಿಗೆ ನುಗ್ಗಿ ಬ್ಯಾಟರಿಯ ದೀಪವೊಂದನ್ನು ಕೊಂಡು ಜೇಬಿನಲ್ಲಿಟ್ಟುಕೊಂಡೆ.

ಗೇಟಿನಲ್ಲಿ ಅವಳು ಚಪ್ಪಲಿ ಬಿಟ್ಟಳು. ಬೇಡ ಎಂದರೂ ಕೇಳಲಿಲ್ಲ. ಒಂದೊಂದು ತಿರುವಿನಲ್ಲೂ ಕೂತು, ಸೊಂಟ ಹಿಡಿದುಕೊಂಡು, ಮತ್ತೆ ಎದ್ದು ಹತ್ತಿದಳು. ತಂಗಡಿ ಹೂ ಕಂಡರೆ ಮುಟ್ಟಿದಳು, ತುಂಬೆ ಕಂಡರೆ ಕಿತ್ತು ತಟ್ಟೆಗೆ ಹಾಕಿಕೊಂಡಳು. ಮೇಲೆ ಹೋದಾಗ ಇನ್ನೂ ಬಿಸಿಲಿತ್ತು. ಸುಷ್ಮಾ ಮೇಡಂ ಹಬ್ಬದ ದಿನವೂ ಬಂದಿದ್ದಳು, ಪಟಾಕಿ ಹಿಡಿದುಕೊಂಡು ಯಾರಾದರೂ ಬಂದಾರೆಂದು ಕಾಯುತ್ತಿದ್ದಳು. ದೊಡ್ಡಮ್ಮ ನೆತ್ತಿಯ ಮೇಲೆ ಒಂದು ಜಾಗ ನೋಡಿ ಕೂತು, ನೆಲ ಸವರಿ, ಸಗಣಿ ಉಂಡೆ ಇಟ್ಟು, ಹೂ ಮುಡಿಸಿ, ಹಣತೆಗೆ ಎಣ್ಣೆ ಹೊಯ್ದು ಬತ್ತಿ ಹಾಕಿದಳು. ಆಮೇಲೆ ಸೊಂಟದಿಂದ ಬೆಂಕಿಪೊಟ್ಟಣ ತೆಗೆದಳು.

ನಾನು ಜೇಬಿನಿಂದ ಬ್ಯಾಟರಿ ದೀಪ ತೆಗೆದು ಅವಳ ಮುಂದೆ ಹಿಡಿದೆ. ಗುಂಡಿ ಒತ್ತಿದರೆ ಅದು ಕೆಂಪಗೆ ಮಿಣಿಮಿಣಿ ಎಂದಿತು. ದೊಡ್ಡಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇದಕ್ಕೆ ಎಣ್ಣೆ ಎಲ್ಲಿ ಹಾಕ್ತಾರೆ ಎಂದು ಕೇಳಿದಳು. ಅಷ್ಟು ಹೊತ್ತಿಗೆ ಮೇಡಂ ಬಂದು ಅವಳ ಪಕ್ಕ ಮಂಡಿಯೂರಿ ಕೂತಳು. ನಾನು ಹೇಳಬೇಕಿದ್ದದ್ದನ್ನೆಲ್ಲ ಅವಳು ಹೇಳಿದಳು. ಅಜ್ಜಿ, ಮೇಲೆ ಹಸಿರಾಗಿದ್ರೂ ಒಳಗೆ ಇನ್ನೂ ಕೊಳೀತಾ ಇದೆ, ಬಿಸಿ ಇದೆ, ಉರಿಯೋ ಗಾಳಿ ಬರ್ತಾ ಇದೆ, ಎಲ್ಲ ತಣ್ಣಗಾಗೋಕೆ ಇನ್ನೂ ತುಂಬ ವರ್ಷ ಬೇಕು ಎಂದಳು. ನಾನು ಕೂಗು ಕೇಳಲು ಸಿದ್ಧನಾಗಿ ತಲೆ ತಗ್ಗಿಸಿ ನಿಂತೆ.

ದೊಡ್ಡಮ್ಮ ಬೆಂಕಿಪೊಟ್ಟಣವನ್ನು ನೆಲದ ಮೇಲಿಟ್ಟಳು. ಎದ್ದು, ಬಳೆ ಮೇಲಕ್ಕೆ ತಳ್ಳಿ, ಹತ್ತಿರದ ಕೊಳವೆಯ ಬುಡಕ್ಕೆ ಅಂಗೈ ಒತ್ತಿದಳು. ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಹಾಗೇ ನಿಂತಳು. ಮೇಡಂ ನನ್ನ ಮುಖ ನೋಡಿದಳು. ಇವಳಿಗೆ ಏನು ಗೊತ್ತಾಗುತ್ತದೆ ಎಂದು ಅವಳಿಗೆ ಅನ್ನಿಸಿರಬೇಕು. ನನಗೆ ಗೊತ್ತಿತ್ತು.

“ಹಸೀ ಐತೆ,” ಎಂದಳು ದೊಡ್ಡಮ್ಮ. “ಈ ಹುಡ್ಗಿ ಹೇಳಿದ್ದು ದಿಟ. ಹಸೀ ತಿಪ್ಪೆಗೆ ಅವಸರ ಮಾಡ್ಬಾರ್ದು.”

ಬಂದು ಮತ್ತೆ ಕೂತಳು. ಹಚ್ಚದ ಹಣತೆಯ ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಸರಿಮಾಡಿ, ಗಾಳಿಗೆ ಉರುಳದಂತೆ ಸುತ್ತ ಮಣ್ಣು ಒತ್ತಿ, ಕಜ್ಜಾಯ ಇಟ್ಟು ಕೈಮುಗಿದಳು. ನನಗೆ ತಡೆಯಲಾಗಲಿಲ್ಲ. ಅವಳ ಪಕ್ಕ ಕೂತು, ಅವತ್ತು ಕಾಗದ ಓದಿದವನು ನಾನು ದೊಡ್ಡಮ್ಮ, ಅರ್ಥ ಆಗದೇ ಓದಿಬಿಟ್ಟೆ, ಕೆಂಚ ಹೋಗಿದ್ದು ನನ್ನಿಂದ ಎಂದೆ. ಎಷ್ಟೋ ವರ್ಷ ಒಳಗೇ ಇದ್ದದ್ದು, ಬಾಯಿಂದ ಬರುವಾಗ ಬಹಳ ಸಣ್ಣ ಮಾತಾಗಿ ಬಂತು. ದೊಡ್ಡಮ್ಮ ಕೈಗೆ ಅಂಟಿದ ಎಣ್ಣೆಯನ್ನು ತಲೆಗೂದಲಿಗೆ ಒರೆಸಿಕೊಂಡಳು.

“ಓದಿದ್ದು ನೀನು, ಆರತಿ ಎತ್ತಿದ್ದು ನಾನು. ನಿನ್ನ ಮುಖ ನೋಡೋಕೆ ನಂಗೇನೂ ಕಷ್ಟ ಇರ್ಲಿಲ್ಲ ಕಣೋ. ಇದರ ಮುಖ ನೋಡೋಕೆ ಆಯ್ತಿರ್ಲಿಲ್ಲ.”

ಅವಳು ಬಳಸು ದಾರಿ ಹಿಡಿದದ್ದು ನನ್ನ ಮೇಲಿನ ಸಿಟ್ಟಿನಿಂದ ಎಂದುಕೊಂಡಿದ್ದೆ. ಅಷ್ಟು ವರ್ಷ ಅವಳೂ ನನ್ನ ಹಾಗೆಯೇ ತನ್ನನ್ನು ತಾನು ಬೈದುಕೊಂಡಿದ್ದಾಳೆ, ಒಂದೇ ಬೀದಿಯಲ್ಲಿದ್ದು ನನಗೆ ತಿಳಿಯಲಿಲ್ಲ. ನಾನು ಅತ್ತೆ. ಈ ವಯಸ್ಸಿನಲ್ಲಿ, ಬೂಟಿನವರು ಓಡಾಡುವ ಜಾಗದಲ್ಲಿ, ಟವಲು ಮುಖಕ್ಕೆ ಹಿಡಿದು ಅತ್ತೆ. ಮೇಡಂ ಹುಲ್ಲು ನೋಡುವವಳಂತೆ ಸ್ವಲ್ಪ ದೂರ ಹೋದಳು.

ಇಳಿಯುವಾಗ ದೊಡ್ಡಮ್ಮ ನನ್ನ ಹೆಗಲು ಹಿಡಿದುಕೊಂಡಿದ್ದಳು. ಅರ್ಧ ದಾರಿಯಲ್ಲಿ ನಿಂತು, ಉಸಿರು ತೆಗೆದುಕೊಂಡು, ಎಣ್ಣೆಯ ಸೀಸೆಯನ್ನು ನನ್ನ ಕೈಗೆ ಕೊಟ್ಟಳು.

“ಬತ್ತಿ ಒಣಗದಂಗೆ ಹೊಯ್ತಾ ಇರು. ತಣ್ಣಗಾದಾಗ ಯಾರಿರ್ತಾರೋ ಅವ್ರು ಹಚ್ಕೊಳ್ಳಲಿ.”

ವಾರಕ್ಕೊಮ್ಮೆ ಗುಡ್ಡ ಹತ್ತಿ ಎಣ್ಣೆ ಹೊಯ್ದು ಬರುತ್ತೇನೆ. ಇರುವೆಗಳು ಕುಡಿಯುತ್ತವೆ, ಮಳೆ ಬಂದರೆ ಚೆಲ್ಲಿ ಹೋಗುತ್ತದೆ, ಬತ್ತಿಯನ್ನು ಹಕ್ಕಿ ಗೂಡಿಗೆ ಎತ್ತಿಕೊಂಡು ಹೋಗುತ್ತದೆ. ಹೊಸ ಬತ್ತಿ ಹೊಸೆದು ಕೊಡುವವಳು ದೊಡ್ಡಮ್ಮ. ಅದು ಉರಿಯುವುದನ್ನು ನೋಡಲು ಅವಳೂ ಇರುವುದಿಲ್ಲ, ನಾನೂ ಇರುವುದಿಲ್ಲ. ಆದರೂ ಅವಳು ಒಂದೊಂದು ಬತ್ತಿಯನ್ನೂ ಬೆಳಕಿಗೆ ಹಿಡಿದು, ಎಳೆ ಸರಿಯಾಗಿದೆಯೇ ಎಂದು ನೋಡಿಯೇ ನನ್ನ ಕೈಗೆ ಕೊಡುತ್ತಾಳೆ.